ರವದಿ ಸುಡುವವರನ್ನ ಬೈದು ಬರೆದೆ, ಊರೇ ತಿರುಗಿಬಿತ್ತು. ಬರೆಯೋದು ಬಿಡಲಾ?

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಹಳ್ಳಿಯವಳು. ಬಿಎಸ್‌ಸಿ ಕೊನೆಯ ವರ್ಷ. ಎರಡು ವರ್ಷದಿಂದ ಫೇಸ್‌ಬುಕ್‌ನಲ್ಲಿ, ಊರಿನ ವಾಟ್ಸಾಪ್ ಗುಂಪಿನಲ್ಲಿ ಪರಿಸರದ ಬಗ್ಗೆ ಬರೆಯುತ್ತಿದ್ದೇನೆ. ಗಿಡ ನೆಡಿ, ಪ್ಲಾಸ್ಟಿಕ್ ಬಿಡಿ ಅಂತ ಬರೆದರೆ ಎಲ್ಲರೂ ಕೈ ಮುಗಿಯುವ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದರು. ಕಳೆದ ತಿಂಗಳು ಕಬ್ಬು ಕಡಿದ ಹೊಲದಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಹಚ್ಚಿದ ಫೋಟೋ ಹಾಕಿ 'ಭೂಮಿತಾಯಿಗೆ ಕೊಳ್ಳಿ ಇಡುವವರು ರೈತರೇ ಅಲ್ಲವೇ?' ಅಂತ ಬರೆದೆ. ಬೈಗುಳ ಸುರಿಯಿತು. ನನ್ನ ಕಾಕಾನೇ ಫೋನ್ ಮಾಡಿ ಬೈದರು. ಗುಂಪಿನಿಂದಲೂ ತೆಗೆದರು. ನಾನು ಬರೆದದ್ದು ಸುಳ್ಳಲ್ಲ. ಬರೆಯೋದು ಬಿಡಲಾ? ಬಿಡಬಾರದು ಅಂದರೆ, ಜನ ಜೊತೆಗೆ ಬರುವ ಹಾಗೆ ಹೇಗೆ ಬರೆಯಲಿ?

ಉತ್ತರ:

ಬಿಡಬೇಡಿ. ಆ ಪೋಸ್ಟನ್ನು ಅಳಿಸಲೂ ಬೇಡಿ, ಅದು ನಿಮ್ಮ ಲೆಕ್ಕದಲ್ಲಿ ಇರಲಿ. ಎರಡು ವರ್ಷ ಕೈ ಮುಗಿದು ಸುಮ್ಮನಾದ ಜನ ಈ ಸಲ ಬೈದರು ಅಂದರೆ ಈ ಸಲ ಓದಿದ್ದಾರೆ ಅಂತ ಅರ್ಥ. ಗಿಡ ನೆಡಿ ಅನ್ನೋದು ಯಾರಿಗೂ ತಾಗೋದಿಲ್ಲ. ರವದಿ ತಾಗಿತು, ಯಾಕಂದರೆ ಅದು ಅವರ ಹೊಲ, ಅವರ ಖರ್ಚು, ಅವರ ಕೂಳೆ ಬೆಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು). ವಿಷಯ ಸರಿಯಾಗಿಯೇ ಹಿಡಿದಿದ್ದೀರಿ. ತಪ್ಪಿದ್ದು ನೀವು ಬೇಲಿಯ ಆಚೆ ನಿಂತು ಮಾತಾಡಿದ್ದು.

ನಾನು ಬಾಗಲಕೋಟೆ ನವನಗರದವನು. ಆಲಮಟ್ಟಿ ಹಿನ್ನೀರಿನ ಬಗ್ಗೆ ಹದಿನೈದು ವರ್ಷದಿಂದ ಬರೆಯುತ್ತಿದ್ದೇನೆ. ನಾನೂ ಇಂಥದ್ದೇ ಒಂದು ಎಡವಟ್ಟು ಮಾಡಿಕೊಂಡು ಕಲಿತವನು, ಅದನ್ನು ಮುಂದೆ ಹೇಳುತ್ತೇನೆ. ಮೊದಲು ರವದಿ.

ನಿಮ್ಮ ಕಾಕಾ ಯಾಕೆ ಸುಡುತ್ತಾರೆ ಅಂತ ಕೇಳಿದ್ದೀರಾ? ಕೇಳಿದ್ದರೆ ಆ ಸಾಲು ಬರೆಯುತ್ತಿರಲಿಲ್ಲ ಅಂತ ನನ್ನ ಅಂದಾಜು. ಗ್ಯಾಂಗಿನವರು ಕಬ್ಬು ಕಡಿದು ಟ್ರ್ಯಾಕ್ಟರಿಗೆ ಹೇರಿ ಹೋದ ಮೇಲೆ ಎಕರೆಗೆ ಮೂರ್ನಾಲ್ಕು ಟನ್ ಒಣ ರವದಿ ಹೊಲದ ತುಂಬ ಹರಡಿ ಬಿದ್ದಿರುತ್ತದೆ. ಕೂಳೆಗೆ ನೀರು ಬಿಡಬೇಕು, ರವದಿ ಅಡ್ಡ ಬಂದು ಸಾಲಿನಲ್ಲಿ ನೀರು ಮುಂದೆ ಹೋಗೋದಿಲ್ಲ. ಒಳಗೆ ಇಲಿ, ಇಲಿ ಹಿಂದೆ ಹಾವು. ಬಳಿದು ಬದುವಿಗೆ ಹಾಕಿಸೋಣ ಅಂದರೆ ಆಳು ಸಿಗೋದಿಲ್ಲ, ಸಿಕ್ಕರೆ ಕೂಲಿ ಕೊಟ್ಟು ಪೂರೈಸೋದಿಲ್ಲ. ಕಾರ್ಖಾನೆಯಿಂದ ಬಿಲ್ ಇನ್ನೂ ಬಂದಿರೋದಿಲ್ಲ. ಇಷ್ಟಕ್ಕೂ ಉತ್ತರವಾಗಿ ಅವರ ಕೈಯಲ್ಲಿ ಇರೋದು ಒಂದು ಕಡ್ಡಿಪೆಟ್ಟಿಗೆ. ಇಂಥವರಿಗೆ ಭೂಮಿತಾಯಿ ಅಂತ ಪಾಠ ಹೇಳಿದರೆ ಸಿಟ್ಟು ಬರದೆ ಇನ್ನೇನು ಬರುತ್ತದೆ ಹೇಳಿ.

ಹಾಗಂತ ಸುಡೋದು ಸರಿ ಅಂತಲ್ಲ. ಬೂದಿಯೂ ಗೊಬ್ಬರ ಅಲ್ವಾ ಅಂತ ಅವರು ಕೇಳುತ್ತಾರೆ. ಅದು ಅರ್ಧ ನಿಜ. ಪೊಟ್ಯಾಷ್, ರಂಜಕ ಬಹುಪಾಲು ಬೂದಿಯಲ್ಲಿ ಉಳಿಯುತ್ತವೆ. ಸಾರಜನಕ ಮಾತ್ರ ಹೊಗೆಯ ಜೊತೆ ಹೋಗುತ್ತದೆ, ಹೋದದ್ದನ್ನು ಮತ್ತೆ ಯೂರಿಯಾ ಚೀಲದ ರೂಪದಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಮಣ್ಣಿಗೆ ಸೇರಬೇಕಾದ ಇಂಗಾಲವೂ ಹೋಯಿತು. ಸುಟ್ಟರೆ ಗೊಣ್ಣೆ ಹುಳ ಸಾಯುತ್ತದೆ ಅಂತ ಇನ್ನೊಂದು ಮಾತಿದೆ. ಗೊಣ್ಣೆ ಹುಳ ಇರೋದು ಮಣ್ಣಿನೊಳಗೆ, ಬೇರಿನ ಹತ್ತಿರ. ಮೇಲೆ ಹತ್ತು ನಿಮಿಷ ಉರಿದ ಬೆಂಕಿ ಅಲ್ಲಿಗೆ ಮುಟ್ಟೋದಿಲ್ಲ. ಆದರೆ ಪಕ್ಕದವರ ಡ್ರಿಪ್ ಪೈಪಿಗೆ ಮುಟ್ಟುತ್ತದೆ, ಬದುವಿನ ಬೇವಿನ ಗಿಡಕ್ಕೆ ಮುಟ್ಟುತ್ತದೆ, ಅದರ ಮೇಲೆ ಜಗಳ ಆಗಿ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದವರೂ ಇದ್ದಾರೆ.

ಬೇರೆ ದಾರಿ ಇದೆ. ಸಾಲು ಬಿಟ್ಟು ಸಾಲು ರವದಿ ಹಾಸಿ, ಖಾಲಿ ಬಿಟ್ಟ ಸಾಲಿನಲ್ಲಿ ನೀರು ಹರಿಸೋದು. ಅಥವಾ ಟ್ರ್ಯಾಕ್ಟರಿಗೆ ಹಾಕುವ ಮಲ್ಚರ್‌ನಿಂದ ಪುಡಿ ಮಾಡಿಸೋದು. ಹಾಸಿದ ರವದಿ ನೆಲದ ತೇವ ಹಿಡಿಯುತ್ತದೆ, ಕಸ ಏಳಲು ಬಿಡೋದಿಲ್ಲ. ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರ, ಬೆಳಗಾವಿಯ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರೋದೇ ಕಬ್ಬಿನವರಿಗಾಗಿ, ಹೋಗಿ ಕೇಳಬಹುದು. ತೊಂದರೆಯೂ ಇದೆ, ಅದನ್ನ ಮುಚ್ಚಿಡಬೇಡಿ: ಹಾಸಿದ ಒಣ ರವದಿಗೆ ಪಕ್ಕದ ಹೊಲದಿಂದ ಒಂದು ಕಿಡಿ ಹಾರಿದರೆ ಕೂಳೆಯೇ ಹೋಯಿತು. ಅಂದರೆ ಒಬ್ಬರು ಬಿಟ್ಟರೆ ಸಾಲದು, ಸುತ್ತಲಿನ ನಾಲ್ಕು ಹೊಲದವರು ಒಟ್ಟಿಗೆ ಬಿಡಬೇಕು. ನಿಮ್ಮ ಬರವಣಿಗೆಗೆ ಕೆಲಸ ಇರೋದು ಇಲ್ಲೇ ನೋಡಿ. ಒಬ್ಬ ರೈತನಿಂದ ಆಗದ್ದು, ನಾಲ್ಕು ಜನ ಮಾತಾಡಿಕೊಂಡರೆ ಆಗುವಂಥದ್ದು.

ಹಾಗಾದರೆ ಮುಂದಿನ ಸಲ ಹೇಗೆ ಬರೆಯೋದು? ಕೇಳಿ ಬರೆಯಿರಿ. 'ನಮ್ಮ ಕಡೆ ಯಾರಾದರೂ ರವದಿ ಸುಡದೆ ಬಿಟ್ಟಿದ್ದೀರಾ? ಎರಡನೇ ನೀರಿಗೆ ಎಷ್ಟು ದಿನ ತಡೆಯಿತು? ಇಲಿ ಕಾಟ ಜಾಸ್ತಿ ಆಯಿತಾ?' ಇಷ್ಟೇ. ಉತ್ತರ ನಿಮಗೂ ಗೊತ್ತಿಲ್ಲದ ಪ್ರಶ್ನೆ ಆಗಿರಬೇಕು, ಗೊತ್ತಿದ್ದೂ ಕೇಳಿದರೆ ಜನಕ್ಕೆ ವಾಸನೆ ಹತ್ತುತ್ತದೆ. ಮಲ್ಚರ್ ಬಾಡಿಗೆ ಎಷ್ಟು, ಯಾವ ಊರಲ್ಲಿ ಸಿಗುತ್ತದೆ ಅಂತ ಒಬ್ಬರು ಹೇಳುತ್ತಾರೆ, ಅಷ್ಟು ಕೊಟ್ಟರೆ ಉಳಿಯೋದೇನು ಅಂತ ಇನ್ನೊಬ್ಬರು ತಕರಾರು ತೆಗೆಯುತ್ತಾರೆ. ತೆಗೆಯಲಿ. ತಕರಾರಿನಲ್ಲಿ ಬರುವಷ್ಟು ಮಾಹಿತಿ ಹೊಗಳಿಕೆಯಲ್ಲಿ ಬರೋದಿಲ್ಲ.

ಸಮಯವನ್ನೂ ನೋಡಿಕೊಳ್ಳಿ. ಕಬ್ಬಿನ ದರಕ್ಕಾಗಿ ರೈತರು ರಸ್ತೆಯಲ್ಲಿ ಕೂತಿರುವ ವಾರ ರವದಿ ಮಾತು ಎತ್ತಲೇಬಾರದು. ನೀವು ಎಷ್ಟೇ ಸರಿಯಾಗಿ ಬರೆದರೂ ಆಗ ಅದು ಎದುರು ಪಾರ್ಟಿಯ ಮಾತಾಗಿ ಕೇಳಿಸುತ್ತದೆ.

ಈಗ ನನ್ನ ಎಡವಟ್ಟು. ಹಲವು ವರ್ಷದ ಹಿಂದೆ, ಬೇಸಿಗೆ. ಯಾರೋ ಒಂದು ಫೋಟೋ ಕಳಿಸಿದರು, ನದಿ ದಂಡೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದವು. 'ಘಟಪ್ರಭಾ ಹೊಳಿ, ಇವತ್ತು ಮುಂಜಾನೆ' ಅಂತ ಬರೆದಿತ್ತು. ನಾನು ಹಿಂದೆಮುಂದೆ ನೋಡದೆ ಒಂದು ಕಾರ್ಖಾನೆಯತ್ತ ಬೆರಳು ಮಾಡಿ ಉದ್ದಕ್ಕೆ ಬರೆದೆ. ಸಂಜೆಯೊಳಗೆ ಎಲ್ಲೆಲ್ಲೋ ಹೋಯಿತು. ಎರಡು ದಿನ ಬಿಟ್ಟು ಹಿನ್ನೀರಿನಲ್ಲಿ ಬಲೆ ಹಾಕುವ ಒಬ್ಬರು ಸಿಕ್ಕರು. ಫೋಟೋ ನೋಡಿ ನಕ್ಕರು. 'ಸಾಹೇಬ್ರ, ಈ ಮೀನು ನಮ್ಮ ಹೊಳ್ಯಾಗ ಇಲ್ಲೇ ಇಲ್ರಿ. ಇದ ಸಮುದ್ರದ ಮೀನು' ಅಂದರು. ಆಮೇಲೆ ಹುಡುಕಿದರೆ ಅದು ಯಾವುದೋ ಕರಾವಳಿಯ ಹಳೆಯ ಫೋಟೋ. ತಿದ್ದಿ ಬರೆದೆ, ಕ್ಷಮೆ ಕೇಳಿದೆ, ತಿದ್ದಿದ್ದನ್ನು ಹತ್ತು ಜನವೂ ಓದಲಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಅಂದರೆ, ಮುಂದೆ ನಾನೇ ಕಣ್ಣಾರೆ ಕಂಡು ನೊರೆ ಬಂದ ನೀರಿನ ಬಗ್ಗೆ ಬರೆದಾಗ 'ಸಮುದ್ರದ ಮೀನಿನ ಸರ್ ಬಂದ್ರು' ಅಂತ ಒಬ್ಬ ಬರೆದ, ಎಲ್ಲರೂ ನಕ್ಕರು, ವಿಷಯ ಅಲ್ಲಿಗೇ ಮುಗಿಯಿತು.

ಅಂದಿನಿಂದ ನನ್ನ ಕಟ್ಟಳೆ: ಬೇರೆಯವರು ಕಳಿಸಿದ ಫೋಟೋ ನಾನು ಹಾಕೋದಿಲ್ಲ. ಹಾಕಲೇಬೇಕಾದರೆ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ, ತೆಗೆದವರ ಜೊತೆ ಫೋನಿನಲ್ಲಿ ಮಾತಾಡಿ ಹಾಕುತ್ತೇನೆ. ಯಾವುದೇ ಕಾರ್ಖಾನೆ, ಯಾವುದೇ ಮನುಷ್ಯನ ಹೆಸರು ಕಾಗದಪತ್ರ ಕೈಯಲ್ಲಿ ಇಲ್ಲದೆ ಬರೆಯೋದಿಲ್ಲ. ಮಾನನಷ್ಟ ಮೊಕದ್ದಮೆ ವಾಟ್ಸಾಪ್‌ಗೂ ಅನ್ವಯ ಆಗುತ್ತದೆ, ಗುಂಪಿನೊಳಗೆ ಹೇಳಿದ್ದು ಮನೆಯೊಳಗೆ ಹೇಳಿದ ಹಾಗೆ ಅಲ್ಲ. 'ಇಂಥ ದಿನ, ಇಷ್ಟು ಗಂಟೆಗೆ, ಈ ಸೇತುವೆ ಕೆಳಗೆ ನೀರು ಕಪ್ಪಗಿತ್ತು, ಬೆಲ್ಲ ಕೊಳೆತ ವಾಸನೆ ಇತ್ತು' ಅಂತ ಬರೆಯಿರಿ. ಕಂಡದ್ದು ಕಂಡ ಹಾಗೆ. ಯಾರು ಮಾಡಿದ್ದು ಅನ್ನೋದನ್ನ ಓದಿದವರು ತಾವೇ ಕೇಳಿಕೊಳ್ಳುತ್ತಾರೆ.

ಕಾಗದಪತ್ರ ಎಲ್ಲಿ ಸಿಗುತ್ತದೆ ಅಂತೀರಾ? ಮಾಹಿತಿ ಹಕ್ಕು ಕಾಯ್ದೆ ಇರೋದು ಇದಕ್ಕೇ. 2005ರ ಕಾಯ್ದೆ, ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಮುಗಿಸಬೇಕು. ಸಣ್ಣದಾಗಿ ಕೇಳಿ. 'ಕಳೆದ ಮೂರು ವರ್ಷದಲ್ಲಿ ಇಂಥ ಜಾಗದಲ್ಲಿ ತೆಗೆದ ನೀರಿನ ಮಾದರಿಯ ವರದಿ ಕೊಡಿ' ಅಂದರೆ ಸಾಕು. ಹೊಸ ಕಾರ್ಖಾನೆಯೋ ಗಣಿಯೋ ಬರುವುದಿದ್ದು ಸಾರ್ವಜನಿಕ ಸಭೆ ಕರೆದರೆ, 2006ರ ಪರಿಸರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು, ಪರಿಸರದ ಮೇಲಾಗುವ ಪರಿಣಾಮದ ವರದಿಯ ಸಾರಾಂಶ ಕನ್ನಡದಲ್ಲಿ ಇರಬೇಕು. ಆ ಸಾರಾಂಶ ಓದುವವರು ಯಾರು? ಕೆಲವೇ ಪುಟ ಇದ್ದರೂ ಯಾರೂ ಓದೋದಿಲ್ಲ. ನೀವು ಓದಿ ಒಂದು ಪುಟದಲ್ಲಿ ಊರಿನ ಮಾತಿನಲ್ಲಿ ಬರೆದು ಹಾಕಿದರೆ ನೂರು ಪರಿಸರ ದಿನದ ಸಂದೇಶಕ್ಕಿಂತ ಅದು ದೊಡ್ಡ ಕೆಲಸ.

ಕನ್ನಡದಲ್ಲಿ ಬರೆದರೆ ಏನು ಪ್ರಯೋಜನ, ಇಂಗ್ಲಿಷ್‌ನಲ್ಲಿ ಬರೆದರೆ ದೂರ ಹೋಗುತ್ತದೆ ಅಂತ ಕೆಲವರು ನಿಮಗೆ ಹೇಳುತ್ತಾರೆ. 2020ರಲ್ಲಿ ಇದೇ ಪರಿಸರ ಅಧಿಸೂಚನೆಗೆ ಹೊಸ ಕರಡು ಬಂತು, ಜನರ ಅಭಿಪ್ರಾಯ ಕೇಳಿದರು, ಕರಡು ಇದ್ದದ್ದು ಇಂಗ್ಲಿಷ್, ಹಿಂದಿಯಲ್ಲಿ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಜೂನ್‌ನಲ್ಲಿ ಹೇಳಿತು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆಯಿತು, ಅಲ್ಲೂ ಪ್ರಶ್ನೆ ಇದೇ: ಕನ್ನಡದಲ್ಲಿ ಇಲ್ಲದ್ದಕ್ಕೆ ಕನ್ನಡದವರು ಅಭಿಪ್ರಾಯ ಹೇಗೆ ಹೇಳಬೇಕು? ಸುಮ್ನೆ ಭಾಷಾಭಿಮಾನದ ಮಾತಲ್ಲ ಇದು.

ಗಾಳಿಯ ಲೆಕ್ಕದ ಬಗ್ಗೆ ಒಂದು ಎಚ್ಚರಿಕೆ. ರವದಿ ಹೊಗೆಯ ಬಗ್ಗೆ ಬರೆಯುವಾಗ ಫೋನಿನಲ್ಲಿ ತೋರಿಸುವ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಅಂಕಿಯನ್ನು ಎತ್ತಿ ಹಾಕುವ ಚಾಳಿ ಈಗ ಜಾಸ್ತಿ. ಬಾಗಲಕೋಟೆಯ ಮಾಪನ ಕೇಂದ್ರ ಇರೋದು ವಿದ್ಯಾಗಿರಿಯಲ್ಲಿ. ಮುಧೋಳ ಅಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರ್. ನಿಮ್ಮ ಹೊಲದ ಹೊಗೆ ಆ ಯಂತ್ರಕ್ಕೆ ಗೊತ್ತೇ ಆಗೋದಿಲ್ಲ. ಪಿಎಂ 2.5 ಅಂದರೆ ಉಸಿರಿನ ಜೊತೆ ಪುಪ್ಪುಸದ ಒಳಗೆ ಇಳಿಯುವ ಸಣ್ಣ ಕಣ, ದಿನದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ದಾಟಬಾರದು ಅನ್ನೋದು ನಮ್ಮ ದೇಶದ ಮಿತಿ, ವಿಶ್ವ ಆರೋಗ್ಯ ಸಂಸ್ಥೆ 15 ಅನ್ನುತ್ತದೆ. ಇಷ್ಟು ತಿಳಿಸಿ ಬಿಡಿ. ನಿಮ್ಮ ಊರಿನ ಅಂಕಿ ನಿಮ್ಮ ಹತ್ತಿರ ಇಲ್ಲದಿದ್ದರೆ ಬಾಗಲಕೋಟೆಯದನ್ನು ತಂದು ಅಂಟಿಸಬೇಡಿ, ಯಾರಾದರೂ ಒಬ್ಬರು ಹಿಡಿದೇ ಹಿಡಿಯುತ್ತಾರೆ.

ಇನ್ನು ಜನ ಜೊತೆಗೆ ಬರೋದು. ಇದಕ್ಕೆ ನನಗೆ ಗೊತ್ತಿರುವ ಒಂದೇ ಉಪಾಯ, ಒಂದೇ ಜಾಗದ ಬಗ್ಗೆ ಬಿಡದೆ ಬರೆಯೋದು. ಭೂಮಿ ಬಿಸಿ ಆಗುತ್ತಿರೋದು, ಅಮೆಜಾನ್ ಕಾಡು, ಸಮುದ್ರದ ಪ್ಲಾಸ್ಟಿಕ್ ಇವನ್ನೆಲ್ಲ ಬರೆಯಲು ಬೇರೆಯವರು ಇದ್ದಾರೆ. ನಿಮ್ಮ ಊರಿನ ಹಳ್ಳದ ಬಗ್ಗೆ ಬರೆಯಲು ಜಗತ್ತಿನಲ್ಲಿ ಯಾರೂ ಇಲ್ಲ. ನಾನು ಹಿನ್ನೀರನ್ನು ಹಿಡಿದುಕೊಂಡೆ. ಆಲಮಟ್ಟಿ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್, ಆಗ ನೀರು ನಮ್ಮ ಹಳೇ ಬಾಗಲಕೋಟೆಯ ಅಂಚಿಗೆ ಬರುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ಇಳಿಯಲು ಶುರು. ಇಳಿದ ಕಡೆ ಕೆಸರು, ಮೊಣಕಾಲುದ್ದ ನೀರು, ಅದರಲ್ಲಿ ಹುಳ, ಸಣ್ಣ ಮೀನು, ಅದಕ್ಕೆ ಹಕ್ಕಿ. ನೀರು ತುಂಬಿದಾಗ ಹಕ್ಕಿ ಜಾಸ್ತಿ ಅಂತ ನಾನು ಮೊದಲು ತಿಳಿದಿದ್ದೆ, ಉಲ್ಟಾ. ಇದು ನನಗೆ ಗೊತ್ತಾದದ್ದು ಮೂರು ವರ್ಷ ಪ್ರತಿ ಭಾನುವಾರ ಅದೇ ದಿಬ್ಬದ ಮೇಲೆ ನಿಂತು ಅದೇ ಕಡೆ ಫೋಟೋ ತೆಗೆದ ಮೇಲೆ. ಓದುವವರೂ ಹಾಗೇ ಸೇರಿಕೊಂಡರು. ಮೊದಲ ವರ್ಷ ಹತ್ತು ಜನ, ಆಮೇಲೆ 'ಈ ವಾರ ನೀರು ಎಲ್ಲಿಗೆ ಬಂತ್ರಿ?' ಅಂತ ಕೇಳುವವರು. ಅವರಲ್ಲಿ ಅರ್ಧ ಜನ ಮುಳುಗಡೆಯಾದ ಹೊಲದವರು, ತಮ್ಮ ಹಳೇ ಹೊಲ ಬೇಸಿಗೆಯಲ್ಲಿ ತಲೆ ಎತ್ತಿತಾ ಅಂತ ನೋಡಲು ಬರುವವರು. ಹಕ್ಕಿ ಅವರಿಗೆ ಬೇಕಿರಲಿಲ್ಲ. ಈಗ ಹಕ್ಕಿಯ ಹೆಸರು ನನಗೇ ಹೇಳುತ್ತಾರೆ.

ನೋಡಿದ ಹಕ್ಕಿಯನ್ನು ಇ-ಬರ್ಡ್ ಅನ್ನುವ ಹಕ್ಕಿ ದಾಖಲೆಯ ಜಾಲತಾಣದಲ್ಲೂ ಹಾಕುತ್ತಾ ಹೋಗಿ, ಫೇಸ್‌ಬುಕ್‌ನಲ್ಲಿ ಹಾಕಿದ್ದು ವಾರಕ್ಕೆ ಕಾಣೆಯಾಗುತ್ತದೆ, ಅಲ್ಲಿ ಹಾಕಿದ್ದು ಲೆಕ್ಕಕ್ಕೆ ಸೇರುತ್ತದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ 942 ಜಾತಿಗಳ ಬಗ್ಗೆ ಹೇಳಿತು. ಅದಕ್ಕೆ ಆಧಾರ 30 ಸಾವಿರಕ್ಕೂ ಹೆಚ್ಚು ಜನ ಹಾಕಿದ ಸುಮಾರು 3 ಕೋಟಿ ದಾಖಲೆ. ಬಹುಪಾಲು ನಿಮ್ಮಂಥ, ನನ್ನಂಥ ಜನವೇ. ಫೆಬ್ರುವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ, ಕಾಲೇಜಿನ ನಾಲ್ಕು ಗೆಳತಿಯರನ್ನು ಎಳೆದುಕೊಂಡು ಹೋಗಲು ಅದು ಒಳ್ಳೆ ನೆಪ.

ಬರೆಯುವ ಮಾತೂ ಊರಿನದೇ ಇರಲಿ. 'ವಲಸೆ ಹಕ್ಕಿಗಳನ್ನು ಸಂರಕ್ಷಿಸೋಣ' ಅಂದರೆ ಯಾರ ಕಿವಿಗೂ ಬೀಳೋದಿಲ್ಲ. 'ನಮ್ಮ ಜೋಳದ ತೆನೆಗೆ ಹಿಂಡು ಹಿಂಡಾಗಿ ಬೀಳುವ ಆ ಗುಲಾಬಿ ಮೈನಾ ಎಲ್ಲಿಂದ ಬರುತ್ತದೆ ಗೊತ್ತಾ?' ಅಂದು ನೋಡಿ. ಮಧ್ಯ ಏಷ್ಯಾದಿಂದ ಬರುತ್ತದೆ, ಅಲ್ಲಿ ಮಿಡತೆ ತಿಂದು ರೈತರಿಗೆ ಉಪಕಾರ ಮಾಡುತ್ತದೆ, ಇಲ್ಲಿ ಜೋಳ ತಿಂದು ಬೈಸಿಕೊಳ್ಳುತ್ತದೆ. ಅಟ್ಟಣಿಗೆ ಮೇಲೆ ನಿಂತು ಕವಣಿ ಬೀಸಿದ ಅಜ್ಜ ಅದಕ್ಕೆ ಉತ್ತರ ಕೊಡದೆ ಇರುತ್ತಾನಾ? ಅಜ್ಜನಿಗೆ ಟೈಪ್ ಮಾಡಲು ಬರೋದಿಲ್ಲ, ಧ್ವನಿ ಸಂದೇಶ ಕಳಿಸಲು ಹೇಳಿ. ನನ್ನ ಹತ್ತಿರ ಇರುವ ಒಳ್ಳೆ ಮಾಹಿತಿ ಎಲ್ಲ ಅಂಥ ಎರಡೆರಡು ನಿಮಿಷದ ಮಾತಿನಿಂದ ಬಂದದ್ದು. ಹೊರಗೆ ಹಾಕುವ ಮೊದಲು ಅವರನ್ನು ಕೇಳಿ, ಬೇಡ ಅಂದರೆ ಹೆಸರು ಬಿಟ್ಟು ಬರೆಯಿರಿ.

ಒಂದು ವಿಷಯದಲ್ಲಿ ಮಾತ್ರ ಬಾಯಿ ಬಿಗಿ ಇರಲಿ, ಜಾಗದ ಗುಟ್ಟು. ಒಂದು ವರ್ಷ ಹಿನ್ನೀರಿಗೆ ರಾಜಹಂಸದ ಹಿಂಡು ಬಂತು. ಸಂಭ್ರಮದಲ್ಲಿ ಊರಿನ ಹೆಸರು, ಹೋಗುವ ದಾರಿ ಎಲ್ಲ ಬರೆದೆ. ಮುಂದಿನ ಭಾನುವಾರ ನಲವತ್ತು ಬೈಕು, ಎರಡು ಕಾರು, ಒಂದು ಡ್ರೋನ್. ಡ್ರೋನ್ ಏರಿದ್ದೇ ತಡ ಹಿಂಡು ಎದ್ದು ಹೋಯಿತು, ಆ ವರ್ಷ ಮತ್ತೆ ಅಲ್ಲಿ ಕೂರಲಿಲ್ಲ. ಆ ಜಾಗ ಯಾವುದು ಅಂತ ಇಲ್ಲೂ ಹೇಳೋದಿಲ್ಲ. ನಿಮ್ಮ ಕಡೆ ಇದು ಇನ್ನೂ ಮುಖ್ಯ, ಯಾಕಂದರೆ 2016ರಲ್ಲಿ ಘೋಷಣೆಯಾದ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಬೀಳಗಿ, ಮುಧೋಳ ತಾಲ್ಲೂಕಿನಲ್ಲೇ ಇದೆ. ಚಿಂಕಾರ (ಜಿಂಕೆಯಂಥ ಸಣ್ಣ ಪ್ರಾಣಿ) ಎಲ್ಲಿ ಮರಿ ಹಾಕಿದೆ, ತೋಳದ ಗವಿ ಎಲ್ಲಿದೆ, ಗೂಬೆ ಯಾವ ಮರದಲ್ಲಿದೆ, ಯಾವುದನ್ನೂ ಬರೆಯಬೇಡಿ. ಕಂಡ ಪ್ರಾಣಿ, ಗಿಡ ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣದಲ್ಲಿ ಅಪಾಯದಲ್ಲಿರುವ ಪ್ರಾಣಿಯ ಜಾಗವನ್ನು ಅವರೇ ಮಸುಕು ಮಾಡುತ್ತಾರೆ. ನಿಮ್ಮ ಫೋಟೋದ ಹಿಂದೆ ಕಾಣುವ ಗುಡ್ಡ, ಮೊಬೈಲ್ ಟವರ್, ಗುಡಿಯ ಗೋಪುರವನ್ನು ಯಾರೂ ಮಸುಕು ಮಾಡೋದಿಲ್ಲ. ಇನ್ನೊಂದು, ಫೋಟೋವನ್ನು ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅದರೊಳಗಿನ ಜಿಪಿಎಸ್ ಗುರುತೂ ಜೊತೆಗೆ ಹೋಗುತ್ತದೆ.

ಗುಂಪಿನಿಂದ ತೆಗೆದರು ಅಂತ ಬೇಜಾರಾಗಬೇಡಿ. ಇನ್ನೂರು ಜನರ ಗುಂಪಿನಲ್ಲಿ ಪರಿಸರ ಒಂದು ಮೂಲೆ, ಉಳಿದದ್ದು ಶುಭೋದಯ ಮತ್ತು ರಾಜಕೀಯ. ಹತ್ತು ಹನ್ನೆರಡು ಜನರ ಸಣ್ಣ ಗುಂಪು ಮಾಡಿಕೊಳ್ಳಿ. ಅದರಲ್ಲಿ ಕಬ್ಬು ಬೆಳೆಯುವವರು ಕನಿಷ್ಠ ನಾಲ್ಕು ಜನ ಇರಲಿ, ಮಲ್ಚರ್ ಬಾಡಿಗೆ ಕೊಡುವವರು ಒಬ್ಬರು ಇದ್ದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ ಫೋನ್ ಬಿಟ್ಟು ಎದುರು ಕೂತು ಚಹಾ ಕುಡಿಯಿರಿ, ಜೊತೆಗೆ ಮಿರ್ಚಿ ಭಜಿ ಇರಲಿ. ಫೋನಿನಲ್ಲಿ 'ನೀ ಯಾರು ಹೇಳಾಕ' ಅಂದವರು ಎದುರಿಗೆ ಕೂತಾಗ 'ಏ ತಂಗಿ, ನೀ ಯಾರ ಮಗಳು?' ಅಂತ ಶುರು ಮಾಡುತ್ತಾರೆ.

ಬೈದವರಲ್ಲಿ ಎಲ್ಲರಿಗೂ ಉತ್ತರ ಕೊಡಬೇಕಿಲ್ಲ. ಮನೆ, ಜಾತಿ, ಹೆಣ್ಣುಮಗಳು ಅನ್ನೋದನ್ನು ಹಿಡಿದು ಬೈದವರ ಮಾತನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟು ಬ್ಲಾಕ್ ಮಾಡಿ, ಬೆದರಿಕೆ ಇದ್ದರೆ ಮನೆಯವರಿಗೂ ಪೊಲೀಸರಿಗೂ ತಿಳಿಸಿ, ಅದರಲ್ಲಿ ಸಂಕೋಚ ಬೇಡ. 'ಕೂಲಿ ನೀ ಕೊಡ್ತೀಯಾ?' ಅಂತ ಕೇಳಿದವರು ಬೇರೆ. ಅವರು ಬೈಯುತ್ತಿಲ್ಲ, ಲೆಕ್ಕ ಕೇಳುತ್ತಿದ್ದಾರೆ. ಅವರಿಗೆ ಲೆಕ್ಕ ಕೊಡಿ.

ಮೊದಲು ಕಾಕಾನ ಹತ್ತಿರ ಹೋಗಿ. ಫೋನ್ ಬೇಡ, ಹೊಲಕ್ಕೇ ಹೋಗಿ. ಫೋಟೋ ಹಾಕಿದ್ದಕ್ಕೆ ತಪ್ಪಾಯ್ತು ಅಂತ ಹೇಳಬೇಕಿಲ್ಲ, ಕೇಳದೆ ಬರೆದದ್ದಕ್ಕೆ ಹೇಳಿ. ಆಮೇಲೆ ಮುಂದಿನ ಕಟಾವಿನಲ್ಲಿ ಹತ್ತು ಸಾಲು ಮಾತ್ರ ಸುಡದೆ ಬಿಡಲು ಕೇಳಿ, ಪಕ್ಕದ ಹತ್ತು ಸಾಲು ಅವರ ಇಷ್ಟ. ಎರಡೂ ಕಡೆ ಯಾವ ದಿನ ನೀರು ಬಿಟ್ಟರು, ಎಷ್ಟು ಮೊಳಕೆ ಬಂತು, ಕಸ ಎಷ್ಟು ಎದ್ದಿತು, ಆಳಿಗೆ ಎಷ್ಟು ಖರ್ಚಾಯಿತು ಅಂತ ಒಂದು ವಹಿಯಲ್ಲಿ ಬರೆದಿಡಿ, ಪ್ರತಿ ಭಾನುವಾರ ಒಂದೇ ಕಡೆ ನಿಂತು ಫೋಟೋ ತೆಗೆದು ಸಣ್ಣ ಗುಂಪಿಗೆ ಹಾಕಿ. ಸುಡದ ಸಾಲಿನಲ್ಲಿ ಇಲಿ ಜಾಸ್ತಿ ಆದರೆ ಅದನ್ನೂ ಹಾಕಿ.